ಟವೆಲ್ಲಿನ ಕೆಳಗಿನ ಕೀಬೋರ್ಡು

ನಾನು ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ನಾನು ಬರೆಯದ ಚಿತ್ರವಿಲ್ಲ. ಶಾಲೆಯ ಗೋಡೆಗೆ ಭಾರತದ ನಕ್ಷೆ ಬರೆದಿದ್ದೇನೆ, ಸಹಕಾರಿ ಸಂಘಕ್ಕೆ ಜೋಡೆತ್ತು ಬರೆದಿದ್ದೇನೆ, ಮೂರು ಹೋಟೆಲಿಗೆ ‘ಇಲ್ಲಿ ಕೈ ತೊಳೆಯಬಾರದು’ ಎಂಬ ಬೋರ್ಡು ಬರೆದಿದ್ದೇನೆ. ಇವುಗಳಿಂದ ಜಗತ್ತಿನಲ್ಲಿ ಏನೂ ಬದಲಾಗಲಿಲ್ಲ. ಜನ ಅಲ್ಲೇ ಕೈ ತೊಳೆದರು. ಆದರೆ ತೊಂಬತ್ಮೂರನೇ ಇಸವಿಯ ಫೆಬ್ರುವರಿಯಲ್ಲಿ, ಒಂದು ಸೀರೆ ಬಾಕ್ಸಿನ ರಟ್ಟಿನ ಮೇಲೆ ನಾನು ಬರೆದ ಒಂದೇ ಒಂದು ಚಿತ್ರದಿಂದ ಬ್ಯಾಡಗಿ ಮೆಣಸಿನಕಾಯಿಯ ದರ ಎರಡು ವಾರ ಏರಿಕೊಂಡು ಕೂತಿತು. ಕಲೆಯಿಂದ ಏನು ಉಪಯೋಗ ಎಂದು ಕೇಳುವವರು ಇದನ್ನು ಸ್ವಲ್ಪ ಗಮನಿಸಬೇಕು.

ಚಿತ್ರ ಬರೆಸಿದವನು ಮಹಮ್ಮದ್ ಹನೀಫ. ಹಾವೇರಿಯಲ್ಲಿ ನಮ್ಮ ಓಣಿಯವನೇ, ಕುಲ್ಸುಮಬಿಯ ಒಬ್ಬನೇ ಮಗ. ದಿನಾ ಬೆಳಿಗ್ಗೆ ಎಂಟೂಕಾಲಿನ ಬಸ್ಸಿಗೆ ನಾವಿಬ್ಬರೂ ಹಾವೇರಿಯಿಂದ ಬ್ಯಾಡಗಿಗೆ ಹೋಗುತ್ತಿದ್ದೆವು. ನಾನು ಶಾಲೆಗೆ, ಅವನು ಕರಬಸಪ್ಪನವರ ಕೋಲ್ಡ್ ಸ್ಟೋರೇಜಿಗೆ. ಅಲ್ಲಿ ಅವನು ಕಂಪ್ಯೂಟರ್ ಪ್ರೋಗ್ರಾಮರ್. ಇಡೀ ಬ್ಯಾಡಗಿಗೆ ತಮ್ಮದೊಂದೇ ಕಂಪ್ಯೂಟರ್ ಎಂದು ಕರಬಸಪ್ಪನವರು ಹೇಳುತ್ತಿದ್ದರು. ಎರಡನೆಯದು ಎಲ್ಲಾದರೂ ಇದ್ದರೂ ಅದಕ್ಕೆ ಇದರಷ್ಟು ಮರ್ಯಾದೆ ಖಂಡಿತ ಇರಲಿಲ್ಲ. ಇದಕ್ಕೆ ಬೇರೆ ಕೋಣೆ, ಕೋಣೆಗೆ ಏಸಿ, ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು, ಒಳಗೆ ಸೀನಬಾರದು. ಮೆಣಸಿನಕಾಯಿ ಊರಿನಲ್ಲಿ ಸೀನಬಾರದು ಎನ್ನುವುದು ಉಸಿರಾಡಬಾರದು ಎಂದಂತೆ. ಆದರೂ ಜನ ಮೂಗು ಹಿಡಿದುಕೊಂಡು ಒಳಗೆ ಹೋಗಿ ನೋಡಿ ಬರುತ್ತಿದ್ದರು.

ಹನೀಫ ಮೊದಲ ವರ್ಷವೇ ಒಂದು ಪ್ರೋಗ್ರಾಂ ಬರೆದುಬಿಟ್ಟಿದ್ದ. ಯಾವ ರೈತನ ಎಷ್ಟು ಚೀಲ, ಯಾವ ಕೋಣೆಯ ಯಾವ ಸಾಲಿನಲ್ಲಿದೆ ಎಂಬುದನ್ನು ಅದು ಹೇಳುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಅದೇ ಅವನ ಸಂಕಟ. ತಪ್ಪದೇ ಇರುವುದನ್ನು ತಿದ್ದುವುದೇನು? ಮುಂದಿನ ಮೂರು ವರ್ಷ ಅವನು ಹೊಸದಾಗಿ ಒಂದು ಸಾಲೂ ಬರೆಯಲಿಲ್ಲ. ಹೊರಗಿನಿಂದ ವ್ಯಾಪಾರಸ್ಥರು ಬಂದಾಗ ಕರಬಸಪ್ಪನವರು ಅವರನ್ನು ಕರೆತಂದು, “ಹನೀಫ, ಅದಕ್ಕೊಂದೀಟು ಕೂಗಸಪಾ” ಎನ್ನುತ್ತಿದ್ದರು. ಹನೀಫ ಒಂದು ಗುಂಡಿ ಒತ್ತುತ್ತಿದ್ದ, ಯಂತ್ರ ‘ಕುಂಯ್’ ಎನ್ನುತ್ತಿತ್ತು, ಬಂದವರು ಕೈ ಮುಗಿಯುತ್ತಿದ್ದರು.

ಒಂದು ದಿನ ಬಸ್ಸಿನಲ್ಲಿ ಹನೀಫ ನನ್ನ ಕಿವಿಯ ಹತ್ತಿರ ಬಂದ.

“ಮಾಸ್ತರ್ರ, ನಿಮ್ಮಿಂದ ಒಂದು ಚಿತ್ರ ಆಗಬೇಕಾಗಿತ್ರಿ.”

“ಯಾರದು? ನಿಮ್ಮಪ್ಪಂದೇನು?”

“ಕೀಬೋರ್ಡಿಂದು.”

ವಿಷಯ ಇಷ್ಟು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯವರು ಪ್ರೋಗ್ರಾಮರ್ ಬೇಕೆಂದು ಪೇಪರಿನಲ್ಲಿ ಹಾಕಿದ್ದರು. ಹೊಸ ಯಂತ್ರಗಳು, ಹೊಸ ಕೆಲಸ. ವಯಸ್ಸು ಇಪ್ಪತ್ತೆಂಟು ದಾಟಿರಬಾರದು. ಹನೀಫನಿಗೆ ಮಾರ್ಚಿನಲ್ಲಿ ಇಪ್ಪತ್ತೆಂಟು ತುಂಬುತ್ತಿತ್ತು. ಪರೀಕ್ಷೆಯೆಂದರೆ ಯಂತ್ರದ ಮುಂದೆ ಕೂತು ಅರ್ಧ ಗಂಟೆಯಲ್ಲಿ ಒಂದು ಪ್ರೋಗ್ರಾಂ ಬರೆದು ಓಡಿಸಿ ತೋರಿಸಬೇಕು. ಹನೀಫನಿಗೆ ಬುದ್ಧಿಯ ಕೊರತೆ ಇರಲಿಲ್ಲ, ಬೆರಳಿನ ಕೊರತೆ ಇತ್ತು. ಅವನು ಎರಡು ತೋರುಬೆರಳಿನಲ್ಲಿ, ಅಕ್ಕಿಯಲ್ಲಿ ಕಲ್ಲು ಹುಡುಕಿದಂತೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದ.

“ಪ್ರೋಗ್ರಾಂ ತಲ್ಯಾಗ ಐತ್ರಿ, ಬೆರಳಿಗೆ ಇಳಿಯಾಂಗಿಲ್ಲ. ಹತ್ತೂ ಬೆರಳಲೆ, ಕಣ್ಣು ಮುಚ್ಚಿ ಒತ್ತಾಕ ಬರಬೇಕ್ರಿ. ರಟ್ಟಿನ ಮ್ಯಾಲೆ ಬರದು ಕೊಟ್ರ ಬಸ್ಸಿನಾಗ ಕುಂತು ಕಲಿತೇನಿ.”

“ಆಫೀಸಿನಾಗ ಕಲಿಯಾಕ ಏನಾಗೈತಿ?”

“ಯಜಮಾನ್ರು ಬಾಜೂಕ ಕುಂತಿರ್ತಾರ್ರಿ. ಏನು ಮಾಡಾಕತ್ತೀ ಅಂತ ಕೇಳಿದ್ರ ಏನು ಹೇಳ್ಲಿ? ನಿಮ್ಮನ್ನ ಬಿಟ್ಟು ಹೋಗಾಕ ತಯಾರಿ ನಡಿಸೇನಿ ಅಂತ ಹೇಳ್ಲಿ? ಅವರ ಮುಖ ನೋಡಿದ್ರ ನನ್ನ ಬಾಯಿ ಬಂದ್ ಆಗತೈತ್ರಿ. ಈ ಮಾತು ನಿಮ್ಮ ಹೊಟ್ಟ್ಯಾಗ ಇರಲಿ.”

ಮಾತು ಹೊಟ್ಟೆಯಲ್ಲಿಟ್ಟುಕೊಂಡೆ. ಅವನು ಯಂತ್ರ ನೋಡಿ ಗೀಚಿ ತಂದಿದ್ದ ಚೀಟಿಯನ್ನು ಮುಂದಿಟ್ಟುಕೊಂಡು ಎಂಬತ್ಮೂರು ಗುಂಡಿಗಳನ್ನು ಇಂಡಿಯನ್ ಇಂಕಿನಲ್ಲಿ ಬರೆದೆ. ಮೂಲೆಗಳನ್ನು ದುಂಡಗೆ ಮಾಡಿದೆ, ಪ್ರತಿ ಗುಂಡಿಗೂ ಎಡದಿಂದ ಬೆಳಕು ಬಿದ್ದಂತೆ ನೆರಳು ಕೊಟ್ಟೆ. ಹನೀಫ ಅದನ್ನು ಚೀಲದ ಮೇಲಿಟ್ಟು, ಚೀಲವನ್ನು ತೊಡೆಯ ಮೇಲಿಟ್ಟು, ಕಣ್ಣಿಗೆ ಗುಂಡಿ ಕಾಣಬಾರದೆಂದು ಮೇಲೊಂದು ಟವೆಲ್ಲು ಹೊದಿಸಿ, ಎರಡೂ ಕೈಗಳನ್ನು ಟವೆಲ್ಲಿನೊಳಗೆ ತೂರಿಸಿ, ಕಣ್ಣು ಮುಚ್ಚಿ ಅಭ್ಯಾಸ ಶುರು ಮಾಡಿದ. ಪಕ್ಕದಲ್ಲಿ ನಾನು.

ಇಲ್ಲಿ ಓದುಗರು ನಮ್ಮ ಕಡೆಯವರಲ್ಲದಿದ್ದರೆ ಒಂದು ಮಾತು ಹೇಳಬೇಕು. ಹಾವೇರಿಯ ದನದ ಸಂತೆಯಲ್ಲಿ ಎತ್ತಿನ ದರವನ್ನು ಬಾಯಿಂದ ಹೇಳುವುದಿಲ್ಲ. ಮಾರುವವನು ಮತ್ತು ಕೊಳ್ಳುವವನು ಕೈಗಳ ಮೇಲೆ ಟವೆಲ್ಲು ಹಾಕಿಕೊಂಡು, ಒಳಗೆ ಬೆರಳು ಒತ್ತಿ ದರ ಮಾತಾಡುತ್ತಾರೆ. ಸುತ್ತ ನೂರು ಮಂದಿ ನಿಂತರೂ ದರ ಆ ಇಬ್ಬರಿಗೇ ಗೊತ್ತು. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಈಗ ಚೀಟಿ ಬರೆದು ಟೆಂಡರು ಹಾಕುತ್ತಾರೆ, ನಿಜ. ಆದರೆ ನಮ್ಮ ಸೀಮೆಯ ಯಾವ ಮನುಷ್ಯನೂ ಟವೆಲ್ಲಿನ ಕೆಳಗೆ ಬೆರಳು ಆಡುವುದನ್ನು ನೋಡಿ ಅದು ವ್ಯಾಪಾರವಲ್ಲ ಎಂದು ನಂಬುವುದಿಲ್ಲ. ಇದು ನನಗೂ ಗೊತ್ತಿತ್ತು, ಹನೀಫನಿಗೂ ಗೊತ್ತಿತ್ತು. ಇಬ್ಬರಿಗೂ ಹೊಳೆಯಲಿಲ್ಲ.

ಮೊದಲು ನೋಡಿದವನು ಮೆಣಸಿನಕಾಯಿ ವ್ಯಾಪಾರಿ ಅಂದಾನೆಪ್ಪ. ಅವನ ಬೀಗರ ಊರು ಹಾವೇರಿ. ಒಂದು ಸೋಮವಾರ, ಅಂದರೆ ಮಾರುಕಟ್ಟೆಯ ದಿನ, ನಮ್ಮ ಬಸ್ಸು ಹತ್ತಿದ. ಎದುರಿನ ಸೀಟಿನಲ್ಲಿ ಕೂತ. ಕರಬಸಪ್ಪನ ಗೋದಾಮಿನಲ್ಲಿ ಎಷ್ಟು ಮಾಲಿದೆ ಎಂದು ಬಲ್ಲ ಏಕಮಾತ್ರ ನೌಕರ ಟವೆಲ್ಲಿನೊಳಗೆ ಬೆರಳು ಆಡಿಸುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಬಡಕಲು ಮಾಸ್ತರ ಏನೂ ತಿಳಿಯದವನಂತೆ ಕಿಟಕಿ ನೋಡುತ್ತಿದ್ದಾನೆ. ಅಂದಾನೆಪ್ಪನ ಕಣ್ಣು ಟವೆಲ್ಲು ಬಿಟ್ಟು ಕದಲಲಿಲ್ಲ. ಮೋಟೆಬೆನ್ನೂರು ದಾಟಿದ ಮೇಲೆ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ:

“ಮಾಸ್ತರ್ರ, ಡಬ್ಬಿನೋ ಕಡ್ಡಿನೋ?”

ಡಬ್ಬಿ, ಕಡ್ಡಿ ಎಂದರೆ ಮೆಣಸಿನಕಾಯಿಯ ಎರಡು ಜಾತಿ. ನನಗೆ ಎರಡೂ ಖಾರವೇ.

“ನನಗೇನು ಗೊತ್ತಿಲ್ರಿ,” ಎಂದೆ.

“ಗೊತ್ತಿದ್ದಾವ್ರು ಹಂಗ ಅಂತಾರ,” ಎಂದು ಅಂದಾನೆಪ್ಪ ಗೌರವದಿಂದ ತಲೆಯಾಡಿಸಿದ.

ಗುರುವಾರ, ವಾರದ ಎರಡನೆಯ ಮಾರುಕಟ್ಟೆಯ ದಿನ, ಅವನು ನನಗಿಂತ ಮೊದಲೇ ಬಂದು ಹನೀಫನ ಪಕ್ಕದ ಸೀಟು ಹಿಡಿದಿದ್ದ. ನಾನು ನಿಂತುಕೊಂಡೆ. ಹನೀಫ ಕಣ್ಣು ಮುಚ್ಚಿ ಭರದಿಂದ ಏನೋ ಬರೆಯುತ್ತಿದ್ದ. ಬಸ್ಸು ಊರು ಬಿಡುತ್ತಲೇ ಅಂದಾನೆಪ್ಪ ಆಚೀಚೆ ನೋಡಿ ಟವೆಲ್ಲಿನೊಳಗೆ ತನ್ನ ಬಲಗೈ ತೂರಿಸಿದ. ಹನೀಫನ ಬೆರಳುಗಳು ರಟ್ಟಿನ ಬದಲು ಅವನ ಅಂಗೈ ಮೇಲೆ ಬಿದ್ದವು. ನಾಲ್ಕು ಬೆರಳು ಒತ್ತಿದವು. ಆಮೇಲೆ ಮೂರು. ಆಮೇಲೆ ಹೆಬ್ಬೆರಳು ಎರಡು ಸಲ. ಹನೀಫ ಬೆಚ್ಚಿ ಕಣ್ಣು ಬಿಟ್ಟು ಕೈ ಎಳೆದುಕೊಂಡ. ಅಂದಾನೆಪ್ಪನೂ ಕೈ ಎಳೆದುಕೊಂಡು, ತುಟಿಯ ಮೇಲೆ ಬೆರಳಿಟ್ಟು, ಸಂದೇಶ ತಲುಪಿತು ಎನ್ನುವಂತೆ ಕಣ್ಣು ಮಿಟುಕಿಸಿದ.

“ಏನಾತ್ರಿ?” ಎಂದ ಹನೀಫ.

“ಏನೂ ಆಗಿಲ್ಲ. ನೀ ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ.”

ಅಂದು ಅಂದಾನೆಪ್ಪ ಎಲ್ಲರಿಗಿಂತ ಹೆಚ್ಚಿನ ದರ ಬರೆದು ಟೆಂಡರು ಹಾಕಿದ. ಅಂದಾನೆಪ್ಪ ಸುಮ್ಮನೆ ಏರಿಸುವ ಮನುಷ್ಯನಲ್ಲ, ಏನೋ ಸುದ್ದಿ ಇರಬೇಕು ಎಂದು ಉಳಿದವರೂ ಏರಿಸಿದರು. ಸಂಜೆಗೆ ಸುದ್ದಿ ಹೊರಬಿತ್ತು: ಕರಬಸಪ್ಪನ ಗೋದಾಮು ಒಳಗೊಳಗೇ ಖಾಲಿಯಾಗಿದೆ, ಕಂಪ್ಯೂಟರಿಗೆ ಗೊತ್ತು, ಕಂಪ್ಯೂಟರಿನ ಹುಡುಗ ಎಂಟೂಕಾಲಿನ ಬಸ್ಸಿನಲ್ಲಿ ದರದ ಗುಟ್ಟು ಬಿಟ್ಟುಕೊಡುತ್ತಾನೆ.

ಮುಂದಿನ ಸೋಮವಾರ ನಮ್ಮ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಬ್ಯಾಡಗಿಯಲ್ಲೇ ಮನೆಯಿರುವ ವ್ಯಾಪಾರಸ್ಥರು ಬೆಳಗಿನ ಆರರ ಬಸ್ಸಿಗೆ ಹಾವೇರಿಗೆ ಬಂದು, ಎಂಟೂಕಾಲಿನ ಬಸ್ಸಿಗೆ ಬ್ಯಾಡಗಿಗೆ ವಾಪಸು ಹೊರಟಿದ್ದರು. ನಲವತ್ತು ಮಂದಿ ಕೆಮ್ಮದೆ, ಮಾತಾಡದೆ ಒಂದು ಟವೆಲ್ಲನ್ನು ನೋಡುತ್ತಿದ್ದರು. ಕಣ್ಣು ಮುಚ್ಚಿದ್ದ ಹನೀಫನಿಗೆ ಇದಾವುದೂ ಕಾಣಲಿಲ್ಲ. ಇವತ್ತು ಬಸ್ಸು ಎಷ್ಟು ಶಾಂತವಾಗಿದೆ, ಕಲಿಯಲು ಅನುಕೂಲ ಎಂದು ಇಳಿಯುವಾಗ ನನಗೆ ಹೇಳಿದ.

ನನ್ನ ಸ್ಥಿತಿಯೂ ಬದಲಾಗಿತ್ತು. ಹೋಟೆಲಿನಲ್ಲಿ ನಾನು ಕೇಳದೆಯೇ ಚಹಾ ಬರುತ್ತಿತ್ತು. ನಮ್ಮ ಹೆಡ್‌ಮಾಸ್ತರು ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ಕೂಡಿಸಿ, “ನಮ್ಮ ಮಾವನವರ ಹೊಲದ ಕಾಯಿ ಐತ್ರಿ. ಈ ವಾರ ಮಾರ್ಲೋ, ಮುಂದಿನ ವಾರ ಮಾರ್ಲೋ?” ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅವರು ಅದನ್ನು ಮುಂದಿನ ವಾರ ಎಂದು ಅರ್ಥಮಾಡಿಕೊಂಡರು. ಕಾಗಿನೆಲೆ ಕಡೆಯ ಗದಿಗೆವ್ವ ಎಂಬ ರೈತ ಹೆಂಗಸು ತನ್ನ ಜೀವಮಾನದಲ್ಲಿ ಕಾಣದ ದರ ಕಂಡು, ಬುಟ್ಟಿ ತುಂಬ ಬದನೆಕಾಯಿ ತಂದು ಹನೀಫನ ಮುಂದಿಟ್ಟು, “ನಿನ್ನ ಬೆರಳು ತಣ್ಣಗಿರಲಿ ತಮ್ಮಾ” ಎಂದು ಹರಸಿ ಹೋದಳು. ಅವನಿಗೆ ಬದನೆಕಾಯಿ ಅರ್ಥವಾಯಿತು, ಹರಸಿದ್ದು ಅರ್ಥವಾಗಲಿಲ್ಲ.

ಇತ್ತ ಮನೆಯಲ್ಲಿ ಕುಲ್ಸುಮಬಿಯದು ಬೇರೆ ಚಿಂತೆ. ಮಗ ಊಟದ ತಟ್ಟೆಯ ಅಂಚಿನ ಮೇಲೆ, ಗೋಡೆಯ ಮೇಲೆ, ಕೊನೆಗೆ ನಿದ್ದೆಯಲ್ಲಿ ಎದೆಯ ಮೇಲೂ ಬೆರಳು ಕುಣಿಸುತ್ತಿದ್ದ. ಪಕ್ಕದ ಮನೆಯ ಭರಮವ್ವ ಬಂದು ನೋಡಿ, ಇದು ನರದ ಬಾಧೆ, ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿ ಎಂದಳು. ಹತ್ತು ದಿನ ಎಣ್ಣೆ ತಿಕ್ಕಿಸಿಕೊಂಡ ಹನೀಫನ ಬೆರಳು ಮೊದಲಿಗಿಂತ ಚುರುಕಾದವು. ಆಗ ಅವನು ತಾಯಿಗೆ ಪರೀಕ್ಷೆಯ ವಿಷಯ ಹೇಳಿದ. ತಾಯಿ ಎಣ್ಣೆ ತಿಕ್ಕುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಪರೀಕ್ಷೆ ಶನಿವಾರ. ಅದಕ್ಕೆ ಮೂರು ದಿನ ಮೊದಲು, ಬುಧವಾರ, ಅಂದಾನೆಪ್ಪ ತಾಳ್ಮೆಗೆಟ್ಟ. ತನಗೊಬ್ಬನಿಗೇ ಸಿಗಬೇಕಾದ ಸುದ್ದಿ ಇಡೀ ಬಸ್ಸಿಗೆ ಸಿಗುತ್ತಿದೆ ಎಂಬ ಹೊಟ್ಟೆಯುರಿ ಅವನಿಗೆ. ಬಸ್ಸಿನಲ್ಲೇ ಟವೆಲ್ಲು ಎಳೆದ. ಕೆಳಗೆ ನನ್ನ ಚಿತ್ರ! ಅದನ್ನು ಕಸಿದುಕೊಂಡು, ಬಸ್ಸು ಬ್ಯಾಡಗಿಯಲ್ಲಿ ನಿಲ್ಲುತ್ತಲೇ ನಮ್ಮಿಬ್ಬರನ್ನೂ ಮುಂದೆ ಮಾಡಿಕೊಂಡು, ಹಿಂದೆ ಮೂವತ್ತು ಮಂದಿ ಸಮೇತ ಕರಬಸಪ್ಪನವರ ಕೋಲ್ಡ್ ಸ್ಟೋರೇಜಿಗೆ ನಡೆದ. ಎಲ್ಲರೂ ಚಪ್ಪಲಿ ಬಿಟ್ಟರು. ಹಿಡಿದಷ್ಟು ಮಂದಿ ಕಂಪ್ಯೂಟರ್ ಕೋಣೆಯೊಳಗೆ ಹೊಕ್ಕರು.

“ನೋಡ್ರಿ ಸಾವ್ಕಾರ್ರ,” ಎಂದು ಅಂದಾನೆಪ್ಪ ರಟ್ಟು ಎತ್ತಿ ಹಿಡಿದ. “ಇಂಗ್ಲಿಷ್ ಅಕ್ಷರ ಅದಾವ, ಖರೇ. ಆದ್ರ ಎ ಬಿ ಸಿ ಡಿ ಪ್ರಕಾರ ಇಲ್ಲ. ಎಲ್ಲಾ ಚೆಲ್ಲಾಪಿಲ್ಲಿ. ಕಳ್ಳ ಲಿಪಿ ಐತಿ ಇದು! ಇದರ ಮ್ಯಾಲೆ ಬೆರಳು ಇಟ್ಟು ನಿಮ್ಮ ಗೋದಾಮಿನ ಗುಟ್ಟು ಹೊರಗ ಹಾಕಾಕತ್ಯಾನ ಈ ಹುಡುಗ.”

ಹಾಗೆ ಹೊರಬಿದ್ದ ಗುಟ್ಟಿನ ಮೇಲೆ ತಾನೇ ಮೊದಲು ಟೆಂಡರು ಹಾಕಿದ್ದನ್ನು ಅವನು ಹೇಳಲಿಲ್ಲ.

ಕರಬಸಪ್ಪನವರು ಅರವತ್ತು ದಾಟಿದ, ಎತ್ತರದ, ಹರೆಯದಲ್ಲಿ ಕುಸ್ತಿ ಆಡಿದ ಮನುಷ್ಯ. ದನಿ ಎತ್ತರಿಸುವವರಲ್ಲ.

“ಹನೀಫ, ಒಂದ ಮಾತು ಕೇಳ್ತೇನಿ. ನಮ್ಮ ಗೋದಾಮಿನಾಗ ಎಷ್ಟು ಚೀಲ ಅದಾವ ಅನ್ನೂದು ನನಗ, ನಿನಗ, ಇದಕ್ಕ, ಮೂರು ಮಂದಿಗೆ ಗೊತ್ತು. ನಾ ಹೇಳಿಲ್ಲ. ಇದು ಹೇಳಾಂಗಿಲ್ಲ. ಉಳಿದಾವ್ರು ಯಾರು?”

ಹನೀಫನಿಗೆ ಈಗ ಎರಡೇ ದಾರಿ. ಕಳ್ಳನೆನ್ನಿಸಿಕೊಳ್ಳಬೇಕು, ಇಲ್ಲವೇ ಬಿಟ್ಟು ಹೋಗುತ್ತೇನೆ ಎಂದು ಅವರ ಮುಖಕ್ಕೆ ಹೇಳಬೇಕು. ಅವನು ನನ್ನ ಕಡೆ ನೋಡಿದ. ನಾನು ಬಾಗಿಲ ಕಡೆ ನೋಡಿದೆ. ನನ್ನ ಚಪ್ಪಲಿ ಅಲ್ಲಿ ಮೂವತ್ತು ಜೊತೆಯ ಅಡಿಯಲ್ಲಿತ್ತು.

“ಅದು ಇದರ ನಕಲು ರೀ,” ಎಂದು ಹನೀಫ ಕಂಪ್ಯೂಟರಿನ ಮೇಲಿನ ಹೊದಿಕೆ ತೆಗೆದು ಕೀಬೋರ್ಡು ತೋರಿಸಿದ.

ನಾಲ್ಕು ವರ್ಷದಿಂದ ಪೂಜೆ ಮಾಡುತ್ತಿದ್ದರೂ ಅಕ್ಷರಗಳು ಇಷ್ಟು ಅಸ್ತವ್ಯಸ್ತವಾಗಿ ಕೂತಿವೆ ಎಂಬುದನ್ನು ಕರಬಸಪ್ಪನವರು ಅಂದೇ ಗಮನಿಸಿದ್ದು. ರಟ್ಟನ್ನು ಅದರ ಪಕ್ಕದಲ್ಲಿಟ್ಟು, ಕನ್ನಡಕ ಹಾಕಿ, ಮೆಣಸಿನಕಾಯಿಯ ಎರಡು ಮಾದರಿಗಳನ್ನು ತಾಳೆ ನೋಡುವಂತೆ ಗುಂಡಿ ಗುಂಡಿಯನ್ನೂ ನೋಡುತ್ತ ಬಂದರು. ಎಲ್ಲ ಮುಗಿದು ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

“ಮಾಸ್ತರ, ಇಲ್ಲಿ ನೋಡು. ಮಶೀನಿನಾಗ ಮೊದಲ ಎನ್ ಐತಿ, ಆಮ್ಯಾಲೆ ಎಮ್. ನೀ ಮೊದಲ ಎಮ್ ಬರದೀ, ಆಮ್ಯಾಲೆ ಎನ್.”

ಅದು ನಿಜವಾಗಿತ್ತು. ಇದನ್ನು ನಾನು ತಪ್ಪೆಂದು ಒಪ್ಪುವುದಿಲ್ಲ. ಎಮ್ ಆದ ಮೇಲೆ ಎನ್ ಬರುತ್ತದೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಕೈ, ಅಷ್ಟೊಂದು ಅಸ್ತವ್ಯಸ್ತದ ನಡುವೆ ಆ ಒಂದು ಜಾಗವನ್ನಾದರೂ ತಾನಾಗಿಯೇ ಸರಿಮಾಡಿತ್ತು. ಆದರೆ ಹನೀಫ ಹೌಹಾರಿದ.

“ಅಯ್ಯ ಮಾಸ್ತರ್ರ! ಇಪ್ಪತ್ತು ದಿನದಿಂದ ಎನ್ ಅಂತ ಎಮ್ ಒತ್ತಾಕತ್ತೇನಲ್ರಿ! ಶನಿವಾರ ಪರೀಕ್ಷೆ ಐತಿ!”

“ಪರೀಕ್ಷೆ?” ಎಂದರು ಕರಬಸಪ್ಪನವರು. “ಯಾವ ಪರೀಕ್ಷೆ?”

ಹೇಳುವ ಹೊತ್ತು ಅದೇ ಆಗಿತ್ತು. ಹನೀಫ ಬಾಯಿ ತೆರೆದ. ಯಜಮಾನರ ಮುಖ ನೋಡಿದ. ಅರ್ಧ ಮಾತು ಹೊರಗೆ ಬಂತು, ಅರ್ಧ ಒಳಗೇ ಉಳಿಯಿತು.

“ರಾಣೆಬೆನ್ನೂರಾಗ... ಬೀಜದ ಕಂಪನಿಯೊಳಗ... ಕಂಪ್ಯೂಟರ್ ಪರೀಕ್ಷೆ ಇಟ್ಟಾರ್ರಿ. ಅದಕ್ಕ ಬೆರಳು ಪಳಗಿಸಾಕತ್ತಿದ್ದೆ. ದರಾನೂ ಇಲ್ಲ, ಗಿರಾನೂ ಇಲ್ರಿ.”

“ಎಷ್ಟು ಮಂದಿ ಬರ್ತಾರ?”

“ನಲವತ್ತು ಮಂದಿ ಬರಬಹುದ್ರಿ. ಹುಬ್ಬಳ್ಳಿ, ದಾವಣಗೆರೆ ಕಡೆಯವ್ರೂ...”

ಕರಬಸಪ್ಪನವರ ಮುಖ ಅರಳಿತು. ಹಳೆಯ ಕುಸ್ತಿಪಟುವಿಗೆ ನಲವತ್ತು ಮಂದಿ, ಹುಬ್ಬಳ್ಳಿ, ದಾವಣಗೆರೆ ಎಂದ ಕೂಡಲೆ ಕಣ್ಣ ಮುಂದೆ ಕಂಡದ್ದು ಅಖಾಡ. ಗೆದ್ದವನಿಗೆ ಹಾರ ಹಾಕುತ್ತಾರೆ, ಮೆರವಣಿಗೆ ಮಾಡುತ್ತಾರೆ, ಅವನು ಮರುದಿನ ತನ್ನ ಊರಿಗೆ ಬರುತ್ತಾನೆ. ಪರೀಕ್ಷೆಯೆಂದರೆ ಅವರಿಗೆ ಅಷ್ಟೇ.

“ಹುಬ್ಬಳ್ಳಿಯವ್ರ ಎದುರಿಗೆ ನಮ್ಮ ಬ್ಯಾಡಗಿ ಹುಡುಗ ಇಳಿಯಾಕತ್ಯಾನ, ನನಗ ಹೇಳಿಲ್ಲ! ರಟ್ಟಿನ ಮ್ಯಾಲೆ ಕಲೀತಾನಂತ! ಇಲ್ಲಿ ಖರೇ ಮಶೀನು ಐತಿ, ಕುಂದ್ರೋ. ಎಲ್ಲಾರೂ ಹೊರಗ ನಡೀರಿ, ಹುಡುಗ ಕಲೀಲಿ.”

ಹನೀಫ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ. ಇದನ್ನು ಬರೆಯುವಾಗ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಗುರುವಾರ, ಶುಕ್ರವಾರ ಆ ಕೋಲ್ಡ್ ಸ್ಟೋರೇಜಿನಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಹಮಾಲರಿಗೆ ಚೀಲವನ್ನು ಸದ್ದಾಗದಂತೆ ಇಳಿಸಲು ಅಪ್ಪಣೆಯಾಯಿತು. ಬಾದಾಮಿ ಹಾಲು ಗಂಟೆಗೊಮ್ಮೆ ಬಂತು. ಅಂದಾನೆಪ್ಪ ತನ್ನ ಕೈಗಡಿಯಾರ ಬಿಚ್ಚಿ ಹಿಡಿದು ಹೊತ್ತು ಅಳೆದ. ನಲವತ್ತು ನಿಮಿಷ, ಮೂವತ್ತಾರು, ಮೂವತ್ತೊಂದು. ಎನ್ ಬಂದಲ್ಲೆಲ್ಲ ಕರಬಸಪ್ಪನವರೇ “ಎನ್, ಎನ್” ಎಂದು ಕೂಗಿ ಎಚ್ಚರಿಸಿದರು. ದರ ಮಾತ್ರ ಇಳಿಯಲಿಲ್ಲ. ರಟ್ಟಿನ ಚಿತ್ರ ನೋಡಿ ಖರೀದಿ ಮಾಡಿದೆ ಎಂದು ಮೊದಲು ಒಪ್ಪಿಕೊಳ್ಳುವವರು ಯಾರು?

ಶನಿವಾರ ಕರಬಸಪ್ಪನವರ ಜೀಪಿನಲ್ಲಿ ನಾವು ನಾಲ್ವರು ರಾಣೆಬೆನ್ನೂರಿಗೆ ಹೋದೆವು. ಉಳಿದ ಅಭ್ಯರ್ಥಿಗಳು ಒಬ್ಬೊಬ್ಬರೇ ಫೈಲು ಹಿಡಿದು ಬಂದಿದ್ದರು. ನಮ್ಮ ಹುಡುಗ ಮಾತ್ರ ಯಜಮಾನ, ವ್ಯಾಪಾರಿ ಮತ್ತು ಡ್ರಾಯಿಂಗ್ ಮಾಸ್ತರ ಸಮೇತ ಬಂದಿದ್ದ. ಕರಬಸಪ್ಪನವರ ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಸೇವಂತಿಗೆ ಹಾರ. ಕಂಪನಿಯ ಮ್ಯಾನೇಜರು ಯಾರೋ ಮಂತ್ರಿ ಬರುತ್ತಾರೇನೋ ಎಂದು ಎರಡು ಸಲ ಹೊರಗೆ ಬಂದು ನೋಡಿ ಹೋದ.

ಹನೀಫ ಇಪ್ಪತ್ನಾಲ್ಕು ನಿಮಿಷಕ್ಕೆ ಮುಗಿಸಿದ. ಮಧ್ಯಾಹ್ನ ಮ್ಯಾನೇಜರು ಹೊರಗೆ ಬಂದು ಅವನ ಕೈ ಕುಲುಕಿದ. ಅಂದಾನೆಪ್ಪ ಸಿಳ್ಳೆ ಹಾಕಿದ. ಕರಬಸಪ್ಪನವರು ಹಾರ ಬಿಚ್ಚಿ ಎತ್ತಿ ಹಿಡಿದರು. ಆಗ ಮ್ಯಾನೇಜರು ಹೇಳಿದ:

“ಒಂದನೇ ತಾರೀಖಿಗೆ ಕೆಲಸಕ್ಕೆ ಬನ್ನಿ. ಈಗಿರುವ ಕಡೆಯಿಂದ ಒಂದು ಅನುಭವ ಪತ್ರ ತರಬೇಕು. ಶುಕ್ರವಾರ ಐದು ಗಂಟೆಯೊಳಗೆ ಕೊಡಿ, ಇಲ್ಲದಿದ್ದರೆ ಎರಡನೆಯವರನ್ನು ಕರೆಯುತ್ತೇವೆ.”

“ಯಾವ ಕೆಲಸಕ್ರಿ?” ಎಂದರು ಕರಬಸಪ್ಪನವರು.

“ಇಲ್ಲಿಯ ಕೆಲಸಕ್ಕೆ.”

ಹಾರ ಗಾಳಿಯಲ್ಲೇ ನಿಂತಿತು. ಅವರು ಹನೀಫನನ್ನು ನೋಡಿದರು. ಹನೀಫ ನೆಲ ನೋಡಿದ. ಆಮೇಲೆ ಅವರು ಹಾರವನ್ನು ಅವನ ಕೊರಳಿಗೆ ಹಾಕಿಯೇ ಹಾಕಿದರು. ತಂದ ಹಾರ ವಾಪಸು ಒಯ್ಯುವವರಲ್ಲ.

ಸೋಮವಾರ ಹನೀಫ ಹೋದಾಗ ಕೋಣೆಯ ಕೀಲಿ ಮೇಜಿನ ಮೇಲಿತ್ತು, ಯಜಮಾನರಿರಲಿಲ್ಲ. ಮಂಗಳವಾರ ಇದ್ದರು, ಮಾತಿಲ್ಲ. ರಂಜಾನ್ ಶುರುವಾಗಿತ್ತು. ಸಂಜೆ ಹನೀಫ ಹೊರಡುವ ಹೊತ್ತಿಗೆ ಅವನ ಚಪ್ಪಲಿಯ ಪಕ್ಕದ ಕಟ್ಟೆಯ ಮೇಲೆ ಪ್ರತಿ ವರ್ಷದಂತೆ ಖರ್ಜೂರದ ಪೊಟ್ಟಣ ಇಟ್ಟಿತ್ತು. ಇಟ್ಟವರು ಮಾತ್ರ ಮುಖ ತಿರುಗಿಸಿ ಲಾರಿ ಎಣಿಸುತ್ತಿದ್ದರು. ಹನೀಫ ಬಸ್ಸಿನಲ್ಲಿ ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, “ಬೈದಿದ್ರ ಚಲೋ ಇತ್ತು ಮಾಸ್ತರ್ರ” ಎಂದ. ಪತ್ರ ಕೇಳುವ ಧೈರ್ಯ ಅವನಿಗಿರಲಿಲ್ಲ. ಬುಧವಾರವೂ ಹೋಯಿತು.

ಅಂದು ಸಂಜೆ ಉಪವಾಸ ಬಿಟ್ಟ ಮೇಲೆ ಕುಲ್ಸುಮಬಿ ನನ್ನನ್ನೂ ಕರೆಸಿ, ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡಳು.

“ಬೇಟಾ, ಕಾಗದ ಕೊಡಾಂಗಿಲ್ಲ ಅಂದ್ರೇನು ನಿಮ್ಮ ಯಜಮಾನ್ರು?”

“ನಾ ಕೇಳೇ ಇಲ್ಲ ಅಮ್ಮಾ.”

“ಯಾ ಅಲ್ಲಾ! ಹತ್ತೂ ಬೆರಳಿಗೆ ಕಲಿಸಿದ್ಯಲ್ಲ, ಬಾಯಿಗೆ ಯಾವಾಗ ಕಲಿಸ್ತಿ? ನಾಲ್ಕು ವರ್ಷ ಅವರ ನೆರಳಾಗ ಇದ್ದೀ. ಹೋಗತೇನಿ ಅಂತ ಹೇಳೂದು ತಪ್ಪಲ್ಲ. ಹೇಳದ ಹೋಗೂದು ತಪ್ಪು. ಮಾಸ್ತರ್ರ, ಹಿರಿಯಾರಾಗಿ ನೀವಾರ ಹೇಳಬಾರದೇನ್ರಿ?”

ನಾನು ಹಿರಿಯನೆಂಬುದು ಅಲ್ಲಿಯವರೆಗೆ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ.

ಗುರುವಾರ ಹನೀಫ ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಕರಬಸಪ್ಪನವರ ಮುಂದೆ ನಿಂತ. ನಾನು ಬಾಗಿಲಲ್ಲಿದ್ದೆ.

“ಯಜಮಾನ್ರ, ನಾನು ಹೋಗಬೇಕಾಗೈತ್ರಿ. ಇಲ್ಲಿ ನನಗ ಬರಿಯಾಕ ಏನೂ ಉಳಿದಿಲ್ಲ. ದಿನಾ ಬಂದು ಒಂದ ಗುಂಡಿ ಒತ್ತಿ ಕೂಗಸೂದು, ಅಷ್ಟ. ಹೊಸಾದು ಬರೀಬೇಕಂತ ಕೈ ಚಡಪಡಸ್ತಾವ್ರಿ. ಮೊದಲನೇ ದಿನಾನ ನಿಮಗ ಹೇಳಬೇಕಾಗಿತ್ತು. ಹೇಳಲಿಲ್ಲ. ನಂದು ತಪ್ಪಾತು.”

ಕರಬಸಪ್ಪನವರು ಕಂಪ್ಯೂಟರಿನ ಕಡೆ ತಿರುಗಿದರು.

“ಇದು ಯಾವ ಗುಂಡಿ ಒತ್ತಿದ್ರ ಶುರು ಆಗತೈತಿ?”

ಹನೀಫ ತೋರಿಸಿದ.

“ಕಾಗದದ ಮ್ಯಾಲೆ ಹೆಂಗ ಬರತೈತಿ?”

ಅದನ್ನೂ ತೋರಿಸಿದ.

“ಇನ್ನ ಹೊರಗ ಹೋಗು. ಬಾಗಲಾ ಹಾಕ್ಕೋ.”

ಒಳಗೆ ಎರಡೂವರೆ ಗಂಟೆ ಹೊತ್ತು ಕುಟುಕು ಸದ್ದು ಕೇಳುತ್ತಿತ್ತು. ಒಂದು ಬಡಿತ, ಬಹಳ ಹೊತ್ತು ಮೌನ, ಮತ್ತೊಂದು ಬಡಿತ. ನಡುವೆ ಒಮ್ಮೆ ಒಳಗಿನಿಂದಲೇ ಸೀನಿದ ಸದ್ದು ಬಂತು. ಕೊನೆಗೆ ಪ್ರಿಂಟರು ಕರಕರ ಎಂದಿತು. ಕರಬಸಪ್ಪನವರು ಬೆವರೊರೆಸಿಕೊಳ್ಳುತ್ತ ಬಂದು, ಮಡಚಿದ ಕಾಗದವನ್ನು ಹನೀಫನ ಕೈಯಲ್ಲಿಟ್ಟು ಗೋದಾಮಿನ ಕಡೆ ನಡೆದುಬಿಟ್ಟರು.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಹನೀಫ ರಾಣೆಬೆನ್ನೂರಿಗೆ ಹೊರಟ. ನಾನು ರಜೆ ಹಾಕಿ ಜೊತೆಗೆ ಹೋದೆ. ಮ್ಯಾನೇಜರು ಕಾಗದ ಬಿಚ್ಚಿದ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ತಡವರಿಸುತ್ತ ಗಟ್ಟಿಯಾಗಿ ಓದಿದ:

‘ಹನೀಫ ನಾಲ್ಕು ವರ್ಷ ನಮ್ಮ ಕಡೆ ಇದ್ದಾನ. ಒಂದು ಚೀಲ ತಪ್ಪಿಲ್ಲ. ಒಂದು ಸುಳ್ಳು ಹೇಳ್ಯಾನ, ಅದು ಅಂಜಿ ಹೇಳಿದ್ದು. ಬೆರಳು ಚಲೋ ಅದಾವ. ಕೊಡಾಕ ಮನಸ್ಸಿಲ್ಲ. ಕೊಟ್ಟೇನಿ.’

ಹನೀಫನ ಕಣ್ಣು ತುಂಬಿತು. ನನ್ನದೂ ತುಂಬಿತು. ಮ್ಯಾನೇಜರು ಕಾಗದದ ಹಿಂದೆ ಮುಂದೆ ತಿರುಗಿಸಿ ನೋಡಿದ.

“ಎಲ್ಲ ಸರಿ. ಸೀಲು ಇಲ್ಲವಲ್ಲ? ಸೀಲಿಲ್ಲದೆ ಫೈಲಿಗೆ ಹಾಕಲು ಬರುವುದಿಲ್ಲ.”

ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು. ಸಿಕ್ಕ ಟೆಂಪೊ ಹತ್ತಿ ಬ್ಯಾಡಗಿಗೆ ಓಡಿದೆವು. ಕರಬಸಪ್ಪನವರು ಗೋದಾಮಿನ ಬಾಗಿಲಲ್ಲಿ ನಿಂತು ಲಾರಿಗೆ ಚೀಲ ಹತ್ತಿಸುತ್ತಿದ್ದರು. ಹನೀಫ ಏದುಸಿರು ಬಿಡುತ್ತ ಹೇಳಿದ:

“ಯಜಮಾನ್ರ, ಸೀಲು ಬೇಕಂತ್ರಿ.”

“ಆಫೀಸಿನ ಸೀಲು ಧಾರವಾಡದಾಗ ನನ್ನ ಮಗನ ಕಡೆ ಐತೆಲೊ. ಇಲ್ಲಿ ಇರೂದು ಇದೊಂದ.”

ಅದು ಗೋದಾಮಿನಿಂದ ಮಾಲು ಹೊರಬೀಳುವಾಗ ಗೇಟಿನ ಚೀಟಿಗೆ ಒತ್ತುವ ಸೀಲು. ಅವರು ಕಾಗದವನ್ನು ಒಂದು ಮೆಣಸಿನಕಾಯಿ ಚೀಲದ ಮೇಲೆ ಹರಡಿ, ಸೀಲನ್ನು ಶಾಯಿಗೆ ಅದ್ದಿ, ಎರಡೂ ಕೈಯಿಂದ ಒತ್ತಿ ಹಿಡಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದರು. ಆಮೇಲೆ ಎತ್ತಿ, ಶಾಯಿ ಒಣಗಲೆಂದು ಊದಿ, ಹನೀಫನಿಗೆ ಕೊಟ್ಟು, “ಲಗೂ ಹೋಗು, ಟೈಮ್ ಆಗತೈತಿ” ಎಂದರು.

ಐದಕ್ಕೆ ಹತ್ತು ನಿಮಿಷವಿರುವಾಗ ಮ್ಯಾನೇಜರು ಆ ಕಾಗದವನ್ನು ಮತ್ತೆ ಬಿಚ್ಚಿದ. ‘ಕೊಟ್ಟೇನಿ’ ಎಂಬುದರ ಕೆಳಗೆ ನೇರಳೆ ಶಾಯಿಯಲ್ಲಿ, ಅಚ್ಚ ಕನ್ನಡದಲ್ಲಿ, ಸೀಲು ದುಂಡಗೆ ಬಿದ್ದಿತ್ತು: ‘ಮಾಲು ಪರೀಕ್ಷಿಸಿ ಸುಸ್ಥಿತಿಯಲ್ಲಿ ಹೊರಗೆ ಬಿಡಲಾಗಿದೆ. ಇನ್ನು ಮುಂದೆ ಜವಾಬ್ದಾರಿ ಒಯ್ಯುವವರದು.’

ಮ್ಯಾನೇಜರು ಅದನ್ನು ಎರಡು ಸಲ ಓದಿದ. ಹನೀಫನನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಕೆಳಗೆ ‘ಮಾಲು ತಲುಪಿದೆ’ ಎಂದು ಬರೆದು ಸಹಿ ಹಾಕಿ, ಕಾಗದವನ್ನು ಫೈಲಿಗೆ ಸೇರಿಸಿದ.